ಮಾವನವರ ಬಲ ಮೊಣಕೈ

ಕಲಾವಿದನ ಹೆಂಡತಿಗೆ ಕಣ್ಣಿರಬೇಕು. ನನ್ನವಳಿಗೆ ಬಾಯಿದೆ.

ನಾನು ಕಲಾವಿದನಾಗಿ ಮೂರು ತಿಂಗಳಾಯಿತು. (ಹೊಟ್ಟೆಪಾಡಿಗೆ ವಿದ್ಯುತ್ ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತ.) ಗ್ರಂಥಾಲಯದಲ್ಲಿ ಒಂದು ದಪ್ಪ ಪುಸ್ತಕ ಕೈಗೆ ಸಿಕ್ಕಿದ್ದೇ ಇದಕ್ಕೆಲ್ಲ ಮೂಲ. ಬಣ್ಣದ ಛಾಯಾಚಿತ್ರಗಳಿಂದ ಲೋಕದ ಕಣ್ಣನ್ನೇ ತಿದ್ದಿದ ಮಹಾನುಭಾವನೊಬ್ಬನ ಪುಸ್ತಕ ಅದು. ಕೆಂಪು ಗೋಡೆಯ ಮೇಲೆ ಹಸಿರು ಪೈಪು, ಯಾರೋ ಬಿಟ್ಟೆದ್ದ ನೀಲಿ ಕುರ್ಚಿ, ಬಾಗಿಲು ತೆರೆದ ಕಪಾಟು. ಆ ಪುಣ್ಯಾತ್ಮ ಯಾರಿಗೂ ‘ಸ್ವಲ್ಪ ನಗಿ’ ಎಂದವನಲ್ಲ. ನಾನು ಮನಸ್ಸಿನಲ್ಲೇ ಅವನಿಗೆ ಸಾಷ್ಟಾಂಗ ಎರಗಿ, ಮಾರನೇ ದಿನವೇ ಕ್ಯಾಮೆರಾ ಕೊಂಡೆ.

“ಮುಟ್ಟಬೇಡ! ಆ ಹಳದಿ ಬಕೆಟ್ ಅಲ್ಲೇ ಇರಲಿ!” ಎಂದು ಬಚ್ಚಲಲ್ಲಿ ಕೂಗಿದೆ.

“ಅದರಲ್ಲಿ ನೆನೆದಿರೋದು ನಿಮ್ಮ ಅಂಗಿ ಕಣ್ರೀ.”

“ಅಂಗಿ ಅಲ್ಲ ಕಣೇ, ಅದು ನೀಲಿ. ಹಳದಿಯೊಳಗಿನ ನೀಲಿ.”

“ಸರಿ ಬಿಡಿ. ನಾಳೆ ಆಫೀಸಿಗೆ ನೀಲೀನೇ ಹಾಕ್ಕೊಂಡು ಹೋಗಿ.”

ಇಂಥ ಅರಸಿಕ ವಾತಾವರಣದಲ್ಲಿ ನನ್ನ ಕಲೆ ಬೆಳೆಯುತ್ತಿದ್ದಾಗ ಮಾವನವರ ನಿವೃತ್ತಿ ಬಂತು. ಮೂವತ್ತನಾಲ್ಕು ವರ್ಷ ಒಂದೇ ಶಾಲೆಯಲ್ಲಿ ಪಾಠ ಹೇಳಿ ಹೆಡ್ಮಾಸ್ಟರಾದವರು. ಬೀಳ್ಕೊಡುಗೆಗೆ ಫೋಟೊದವನನ್ನು ಗೊತ್ತುಮಾಡಲು ಹೊರಟಿದ್ದ ಅತ್ತೆಯನ್ನು ನಾನೇ ತಡೆದೆ.

“ಮನೇಲೇ ಕಲಾವಿದ ಇರುವಾಗ ಹೊರಗಿನವರು ಯಾಕೆ ಅತ್ತೆ?”

“ಅಮ್ಮಾ, ಇವರನ್ನ ನಂಬಬೇಡ” ಎಂದಳು ನನ್ನವಳು. ಅತ್ತೆ ನಂಬಿದರು. ಅಳಿಯ ನೋಡಿ!

ಅಂದು ಶಾಲೆಯಲ್ಲಿ ನಾನು ಹಿಂದೆಮುಂದೆ ನೋಡದೆ ದುಡಿದೆ. ವೇದಿಕೆಯ ಮೇಲೆ ಯಾರೋ ಭಾಷಣ ಮಾಡುತ್ತಿದ್ದರು, ಯಾರೋ ಕಣ್ಣೊರೆಸಿಕೊಳ್ಳುತ್ತಿದ್ದರು. ಅದನ್ನೆಲ್ಲ ಯಾವ ಬಡಪಾಯಿಯಾದರೂ ತೆಗೆಯುತ್ತಾನೆ! ನಾನು ಮೇಜಿನ ಕೆಳಗೆ ನುಸುಳಿದೆ, ಕಿಟಕಿ ಹತ್ತಿದೆ, ಮೆಟ್ಟಿಲ ಬಳಿ ಚಪ್ಪಲಿ ರಾಶಿಯ ಮುಂದೆ ಅರ್ಧ ಗಂಟೆ ತಪಸ್ಸು ಮಾಡಿದೆ.

ಭಾನುವಾರ ನನ್ನ ಚಿತ್ರಗಳನ್ನು ನೋಡಲು ಇಡೀ ಬಳಗ ಮಾವನವರ ಪಡಸಾಲೆಯಲ್ಲಿ ಟಿವಿಯ ಮುಂದೆ ನೆರೆಯಿತು. ನನ್ನ ಬಣ್ಣ ಬಯಲಾಗಲು ಐದು ನಿಮಿಷ ಸಾಕಾಯಿತು. ಚಪ್ಪಲಿ. ಕಚ್ಚಿಟ್ಟ ಬಿಸ್ಕತ್ತು. ಕೆಂಪು ಜಗ್ಗು. ಮತ್ತೆ ಚಪ್ಪಲಿ.

“ಅಪ್ಪ ಎಲ್ಲಿ ಭಾವ?” ಎಂದಳು ಹೆಂಡತಿಯ ತಂಗಿ.

“ಅಗೋ, ಜಗ್ಗಿನ ಪಕ್ಕದಲ್ಲಿ.”

“ಅದು ಮೊಣಕೈ!”

“ಬಲ ಮೊಣಕೈ” ಎಂದು ತಿದ್ದಿದೆ.

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಆಗ ಮೊದಲ ಬಾರಿಗೆ ನನಗೆ ಅಳುಕಾಯಿತು. ಆ ದಿನ ಮತ್ತೆ ಬರುವಂಥದ್ದಲ್ಲ. ಅದನ್ನು ನಾನು ಚಪ್ಪಲಿಗಳ ಪಾಲು ಮಾಡಿದ್ದೆ.

ಅಷ್ಟರಲ್ಲಿ ಹಸಿರು ಬಾಗಿಲಿಗೆ ಒರಗಿದ ಕಪ್ಪು ಕೊಡೆಯ ಚಿತ್ರ ಬಂತು. ಮಾವನವರು ಕೈಯೆತ್ತಿ, “ನಿಲ್ಸಿ” ಎಂದರು. ಎದ್ದು ಹತ್ತಿರ ಹೋಗಿ ನೋಡಿದರು. “ನನ್ನ ಕೊಡೆ. ಅವತ್ತು ಅಲ್ಲೇ ಮರೆತುಬಂದೆ. ದಿನಾ ಅಲ್ಲೇ ಇಡ್ತಿದ್ದೆ ಅಳಿಯಂದ್ರೇ, ಆ ಬಾಗಿಲು ಇಷ್ಟು ಹಸಿರು ಅಂತ ಗೊತ್ತೇ ಇರಲಿಲ್ಲ.”

ನನ್ನ ಎದೆ ಎರಡು ಅಂಗುಲ ಉಬ್ಬಿತು. ಹೆಂಡತಿಯ ಕಡೆ ವಿಜಯದ ನಗೆ ಬೀರಿದೆ. ಅವಳು ತಣ್ಣಗೆ ತನ್ನ ಫೋನನ್ನು ಟಿವಿಗೆ ಜೋಡಿಸಿದಳು.

“ಜವಾನರ ಕೈಲಿ ಒಂದು ತೆಗೆಸಿದ್ದೆ ಅಪ್ಪ. ನೋಡು.”

ತೆರೆಯ ತುಂಬ ಇಡೀ ಬಳಗ! ಮಾವ, ಅತ್ತೆ, ಮೇಷ್ಟರುಗಳು, ಎಲ್ಲರಿಗೂ ಮುಖ, ಎಲ್ಲರ ಮುಖದಲ್ಲೂ ನಗು. ಅವರ ಮುಂದೆ, ಚಿತ್ರದ ನಟ್ಟನಡುವೆ, ಬಿಸಿಲಲ್ಲಿ ಬೆಳಗುತ್ತ, ಸಾಸಿವೆ ಬಣ್ಣದ ಪ್ಯಾಂಟಿನಲ್ಲಿ ಚಪ್ಪಲಿ ರಾಶಿಯತ್ತ ಬಗ್ಗಿ ನಿಂತ ನನ್ನ ಹಿಂಭಾಗ.

ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಮಾವ, ಕೆಳಗಡೆ ಸ್ವಲ್ಪ ಕತ್ತರಿಸಿದ್ರೆ...” ಎಂದು ಗೋಗರೆದೆ.

“ಛೆ! ಕತ್ತರಿಸೋದೇ?” ಎಂದರು ಮಾವ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ. “ಆ ಹಳದಿ ತೆಗೆದ್ರೆ ಚಿತ್ರದಲ್ಲಿ ಏನುಳಿಯುತ್ತೆ ಅಳಿಯಂದ್ರೇ?”

ಈಗ ಅದು ದೊಡ್ಡ ಚೌಕಟ್ಟಿನಲ್ಲಿ ಪಡಸಾಲೆಯ ಗೋಡೆಯ ಮೇಲಿದೆ. ಬಂದವರಿಗೆಲ್ಲ ಮಾವನವರು ಕೋಲು ಹಿಡಿದು, ಪಾಠ ಹೇಳುವಂತೆ, ನಡುವಿನಿಂದಲೇ ಪರಿಚಯ ಶುರುಮಾಡುತ್ತಾರೆ.