ಮಾವನವರ ಪೈಪು ಮತ್ತು ನನ್ನ ಶುಚಿತ್ವ

ಮಲ್ಲಿಕಾಂಬಳನ್ನು ನಾನು ಮೊದಲು ಕಂಡದ್ದು ಅಜ್ಜಂಪುರದಲ್ಲಿ, ಹೆಣ್ಣು ನೋಡಲು ಹೋದ ದಿನ. ಕಂಡೆ ಎನ್ನುವುದು ಉತ್ಪ್ರೇಕ್ಷೆ. ನಮ್ಮಿಬ್ಬರ ನಡುವೆ ಅವಳ ತಂದೆ, ಈರುಳ್ಳಿ ಮಂಡಿಯ ಗಂಗಾಧರಯ್ಯನವರು, ಪೈಪು ಕಚ್ಚಿಕೊಂಡು ಕುಳಿತಿದ್ದರು. ಹೊಗೆ ತಿಳಿಯಾಗುವ ಹೊತ್ತಿಗೆ ಹೆಣ್ಣು ಒಳಗೆ ಹೋಗಿತ್ತು. ನಾನು ಉಪ್ಪಿಟ್ಟಿನ ರುಚಿಯ ಮೇಲೆ ಭರವಸೆಯಿಟ್ಟು ಒಪ್ಪಿದೆ.

ಕೊನೆಯ ನಾಲ್ಕು ವರ್ಷ ಮಾವನವರು ಕಡೂರಿನ ನಮ್ಮ ಮನೆಯಲ್ಲೇ ಇದ್ದರು; ಹೋದ ವರ್ಷ ಇಲ್ಲೇ ಕಣ್ಣು ಮುಚ್ಚಿದರು. ಗಂಡುಮಕ್ಕಳಿರಲಿಲ್ಲ. ಇದ್ದದ್ದನ್ನು ಮೂವರು ಹೆಣ್ಣುಮಕ್ಕಳು ಹಂಚಿಕೊಂಡಾಗ ಮಲ್ಲಿಕಾಂಬ ಬಾಯಿಬಿಟ್ಟು ಕೇಳಿದ್ದು ಆ ಪೈಪು ಒಂದನ್ನೇ. (ಬೇಡವೆಂದು ಹೇಳಿದ್ದರೆ ಕೇಳುವವರಾರು?)

ಪೈಪಿನ ಬಟ್ಟಲೊಳಗೆ ಮಸಿ ಕಲ್ಲಿನಂತೆ ಗಟ್ಟಿಕಟ್ಟಿತ್ತು. ಬಾಯಿಗಿಡುವ ತುದಿಯಲ್ಲಿ ಹಲ್ಲು ಕಚ್ಚಿದ ಎರಡು ಗುಳಿ. ಹಿರಿಯರ ಹಬ್ಬ ಬಂತು. ಸತ್ತವರಿಗೆ ಪ್ರಿಯವಾದದ್ದನ್ನೆಲ್ಲ ಅವರ ಫೋಟೋದ ಮುಂದೆ ಎಡೆಗಿಡುವುದು ನಮ್ಮಲ್ಲಿ ವಾಡಿಕೆ. ಹೋಳಿಗೆ, ಹೊಸ ಪಂಚೆಗಳ ಪಕ್ಕದಲ್ಲಿ ಪೈಪೂ ಇರಬೇಕೆಂದು ಅವಳ ತೀರ್ಮಾನ.

"ಎಂಜಲು ಪೈಪನ್ನ ಎಡೆಗೆ ಇಡೋದುಂಟೇನೇ?" ಎಂದೆ.

"ಅಪ್ಪನ ಎಂಜಲು ಅಪ್ಪಂಗೇ ತಾನೆ? ಮಧ್ಯ ನಿಮಗೇನ್ರೀ ಕಷ್ಟ?"

"ತೊಳೆದು ಪಾಲಿಶ್ ಹಾಕಿದ್ರೆ ಹೊಸದರ ಹಂಗಾಗುತ್ತೆ ಕಣೇ."

"ಹೊಸದು ಅಂಗ್ಡೀಲಿ ಸಿಗುತ್ತೆ. ಅಪ್ಪಂದು ಅಂತ ಉಳ್ದಿರೋದು ಇದೊಂದೇ. ಮುಟ್ಬೇಡಿ."

ತರೀಕೆರೆಯಲ್ಲಿರುವ ಮಗಳು ಸೌಮ್ಯಳಿಗೆ ಫೋನ್ ಮಾಡಿ ನ್ಯಾಯ ಕೇಳಿದೆ. "ಅಪ್ಪಾಜಿ, ನಿಮ್ಮ ಚಪ್ಪಲಿ ಬೇಕಾದ್ರೆ ತೊಳ್ಕೊಳಿ, ಅದರ ಸುದ್ದಿಗೆ ಹೋಗ್ಬೇಡಿ" ಎಂದು ಇಟ್ಟುಬಿಟ್ಟಳು.

ಮೂವತ್ತೈದು ವರ್ಷ ಮಕ್ಕಳ ಬರಹವನ್ನು ತಿದ್ದಿದ ಕೈ ಸುಮ್ಮನಿರುವುದೆ? ಹಬ್ಬದ ಹಿಂದಿನ ದಿನ ಅವಳು ಸಂತೆಗೆ ಹೋದಳು; ನಾನು ಪೈಪಿನ ಜೀರ್ಣೋದ್ಧಾರ ಮಹಾಕಾರ್ಯಕ್ಕೆ ಕಂಕಣಬದ್ಧನಾದೆ. ಹುಣಸೆಹಣ್ಣು, ಅಡುಗೆ ಸೋಡಾ, ಬಿಸಿನೀರು, ಹಲ್ಲುಜ್ಜುವ ಹಳೆಯ ಬ್ರಷ್ಷು. ಕಪ್ಪು ನೀರು ಬಚ್ಚಲಲ್ಲಿ ಹರಿದುಹೋಯಿತು. ಹಲ್ಲಿನ ಗುಳಿಗಳನ್ನು ಬಡಗಿ ಕಾಂತರಾಜು ಕೊಟ್ಟ ಪಾಲಿಶ್ ಪೇಪರಿನಿಂದ ಉಜ್ಜಿ ಸಮ ಮಾಡಿದೆ. ಕೊಬ್ಬರಿ ಎಣ್ಣೆ ಸವರಿದಾಗ, ಮಾವನವರು ಕ್ಷೌರ ಮಾಡಿಸಿಕೊಂಡು ಬಂದಾಗಿನಂತೆ ಹೊಳೆಯಿತು. ಮೇಲೊಂದು ವಿಭೂತಿಯ ಗೆರೆಯನ್ನೂ ಎಳೆದೆ.

ಮರುದಿನ ಎಡೆಯ ಮುಂದೆ ಮಲ್ಲಿಕಾಂಬ ಪೈಪನ್ನು ಎತ್ತಿಕೊಂಡಳು. ಹೊಳಪನ್ನು ನೋಡಲಿಲ್ಲ, ಮೂಗಿಗೆ ಹಿಡಿದಳು. ಒಮ್ಮೆ, ಮತ್ತೊಮ್ಮೆ. ಬಳಿಕ ಹೆಬ್ಬೆರಳಿನಿಂದ ತುದಿಯನ್ನು ತಡವಿ ಗುಳಿಗಳನ್ನು ಹುಡುಕಿದಳು. ಒಂದು ವರ್ಷದಿಂದ ದಿನಾ ಬೆಳಗ್ಗೆ ದೇವರ ಕೋಣೆಯಲ್ಲಿ ಅವಳು ಮಾಡುತ್ತಿದ್ದುದು ಇದನ್ನೇ ಎಂದು ನನಗೆ ಆಗ ಹೊಳೆಯಿತು. ಒಂದು ಊದುಬತ್ತಿ ಹಚ್ಚಲು ಅಷ್ಟು ಹೊತ್ತು ಬೇಕೇ ಎಂದು ನಾನು ಗೊಣಗುತ್ತಿದ್ದೆ.

"ಅಪ್ಪನ್ನ ಮಣ್ಣು ಮಾಡಿದ್ದು ಹೋದ್ವರ್ಷ ಅನ್ಕೊಂಡಿದ್ದೆ" ಎಂದಳು. "ನಿನ್ನೆ ಕಣ್ರೀ."

ಅಷ್ಟೇ. ಬೈದಿದ್ದರೆ ಅಂದು ಒಂದೆರಡು ಹೋಳಿಗೆಯಾದರೂ ತಿನ್ನುತ್ತಿದ್ದೆನೇನೊ.

ಚಳಿಗಾಲ ಬಂತು. ನನ್ನ ಮಫ್ಲರ್ ಕಾಣೆಯಾಯಿತು. ಆಮೇಲೆ ಹಳೆಯ ಕನ್ನಡಕ. ಆಮೇಲೆ ಎಣ್ಣೆಗಟ್ಟಿದ ದಿಂಬಿನ ಚೀಲ. ಹುಡುಕುತ್ತಾ ಅಟ್ಟದ ಮೇಲಿನ ಟ್ರಂಕನ್ನು ತೆರೆದರೆ ಎಲ್ಲವೂ ಅಲ್ಲಿವೆ! ಒಂದೊಂದೂ ಪ್ಲಾಸ್ಟಿಕ್ ಕವರಿನಲ್ಲಿ. ಒಂದೊಂದಕ್ಕೂ ಒಂದು ಚೀಟಿ: "ತೊಳೆಯಬಾರದು".

"ಇದೇನೇ ಇದು?"

"ನಾಳೆ ಸೌಮ್ಯಂಗೆ ಬೇಕಾಗುತ್ತೆ. ನಿಮ್ಮಳಿಯನೂ ಬಲು ಶುಚಿ ಮನುಷ್ಯ."

"ನಾನಿನ್ನೂ ಬದುಕಿದೀನಲ್ಲೇ!"

"ಇದ್ದಾಗ್ಲೇ ಎತ್ತಿಡ್ಬೇಕು ಕಣ್ರೀ. ಹೋದ್ಮೇಲೆ ಎಲ್ಲಾರೂ ತೊಳೆಯೋಕ್ ಬತ್ತಾರೆ."

ಈಗ ವಾರಕ್ಕೊಂದು ಸಾಮಾನು ಟ್ರಂಕು ಸೇರುತ್ತಿದೆ. ಹೋದ ವಾರ ಒಗೆಯದ ಬನಿಯನ್ ಹೋಯಿತು. ಇದನ್ನು ಬರೆಯುತ್ತಿರುವಾಗ ಅವಳು ಎದುರಿಗೆ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಾಳೆ. ಆಗಾಗ ತಲೆಯೆತ್ತಿ, ನಾನು ಹೊದ್ದ ಶಾಲನ್ನು ನೋಡುತ್ತಾಳೆ.