ಬೆಲ್ಲ ನೀರು ಕೊಡದ ಮಧ್ಯಾಹ್ನ

ಅಕ್ಷತಾ, ನಿಶಾಂತಾ,

ಮೊನ್ನೆ ನೀವಿಬ್ಬರೂ ಚಾವಡಿಯಲ್ಲಿ ಕುಳಿತು, ನಮ್ಮ ಕಾಲದ ಶ್ರೇಷ್ಠ ಸಿನಿಮಾ ನಿರ್ದೇಶಕರು ಯಾರು ಎಂದು ದೊಡ್ಡ ಗಂಟಲಿನಲ್ಲಿ ಜಗಳವಾಡುತ್ತಿದ್ದಿರಿ. ಒಳಗೆ ಹಲಸಿನ ಬೀಜ ಸುಲಿಯುತ್ತಿದ್ದ ಅಜ್ಜಿಯನ್ನು ಒಂದು ಮಾತು ಕೇಳಲಿಲ್ಲ. ಅಜ್ಜಿಗೆ ಎಂತ ಗೊತ್ತು ಎಂದುಕೊಂಡಿರಿ. ಮಕ್ಕಳೇ, ನಿಮ್ಮ ಪಟ್ಟಿಯಲ್ಲಿದ್ದಂಥ ಒಬ್ಬ ನಿರ್ದೇಶಕರ ಕೈಕೆಳಗೆ ನಾನು ಕೆಲಸ ಮಾಡಿದ್ದೇನೆ! ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಈಗಲೂ ಪೆನ್ನಿನ ಮೊನೆ ಮುರಿದೀತು, ಅಷ್ಟು ಸಿಟ್ಟು ಉಂಟು ನನಗೆ.

ನಿಮ್ಮ ಅಮ್ಮ ಸುಮತಿಗೆ ಗಂಡು ನೋಡುತ್ತಿದ್ದ ಕಾಲ. ಕಾರ್ಕಳದ ಕಡೆಯ ಹುಡುಗ, ಮಣಿಪಾಲದಲ್ಲಿ ಕೆಲಸ. ಅವಳು ಬಸ್ಸಿನಲ್ಲಿ ಆತನನ್ನು ನೋಡಿದ್ದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಆ ಸಂಬಂಧದ ಮಾತು ಬಂದಾಗಲೆಲ್ಲ ದೋಸೆ ಸೀದುಹೋಗುತ್ತಿತ್ತು. ಹುಡುಗನ ತಾಯಿ ರುಕ್ಮಿಣಿಯಕ್ಕ ಮತ್ತು ಸೋದರಮಾವ ಭಾನುವಾರ ಕಾಪುವಿನ ನಮ್ಮ ಮನೆಗೆ ಬರುವುದೆಂದು ತೀರ್ಮಾನವಾಗಿತ್ತು. ನಿಮ್ಮ ಅಜ್ಜ ಅವರನ್ನು ಒಮ್ಮೆ ಕಂಡಿದ್ದರು. ನಾನು ಕಂಡಿರಲಿಲ್ಲ.

ನಾನು ಮನೆಗೆಲ್ಲ ಸುಣ್ಣ ಬಳಿಸಿದೆ. ಜಗಲಿಯನ್ನು ಸಾರಿಸಿ ಮುಖ ಕಾಣುವ ಹಾಗೆ ಮಾಡಿದೆ. ಎಲ್ಲ ಸಿದ್ಧವಾಯಿತು ಎಂದು ನೆಮ್ಮದಿಯಿಂದ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ, ನಿಮ್ಮ ಅಜ್ಜ ಗಡ್ಡದವರೊಬ್ಬರನ್ನು ಕರೆದುಕೊಂಡು ಬಂದರು.

"ಇವರು ದೊಡ್ಡ ನಿರ್ದೇಶಕರು ಮಾರಾಯ್ತಿ! ಡೆಲ್ಲಿಯಲ್ಲೆಲ್ಲ ಹೆಸರುಂಟು. ನಮ್ಮ ಅಂಗಳದಲ್ಲಿ ಶೂಟಿಂಗ್ ಮಾಡ್ತಾರಂತೆ. ಶನಿವಾರ ಸಂಜೆಗೆ ಮುಗೀತದೆ."

ನಿರ್ದೇಶಕರು ನಮ್ಮ ಗೋಡೆಯನ್ನು ನೋಡಿ ನಿಟ್ಟುಸಿರು ಬಿಟ್ಟರು. "ಛೆ, ಬಡತನ ಕಾಣ್ತಾ ಇಲ್ಲ."

"ನಾವು ಬಡವರಲ್ಲ," ಎಂದೆ, ಸಣ್ಣ ದನಿಯಲ್ಲಿ.

"ಅದೇ ತೊಂದರೆ," ಎಂದರು ಅವರು. ಮಧ್ಯಾಹ್ನದೊಳಗೆ ಅವರ ಜನ ಹೊಸ ಸುಣ್ಣದ ಮೇಲೆ ಬಚ್ಚಲ ಒಲೆಯ ಮಸಿ ಬಳಿದಿದ್ದರು. ಜಗಲಿಯ ಮೇಲೆ ಮಣ್ಣು ಸುರಿದಿದ್ದರು. ನನ್ನ ಕಣ್ಣಿನಲ್ಲಿ ನೀರು ಬಂತು. ಅದನ್ನು ಕಂಡು, "ಒಳ್ಳೆಯ ಮುಖ!" ಎಂದರು!

ಕಥೆ ಇಷ್ಟು: ಧಣಿಯ ಕಡೆಯವರು ಒಕ್ಕಲೆಬ್ಬಿಸಲು ಬರುತ್ತಾರೆ. ಜಗಲಿಯಲ್ಲಿ ಕುಳಿತ ಒಕ್ಕಲು ಹೆಂಗಸು ಏಳದೆ, ನಗದೆ, ಅವರನ್ನು ದುರುಗುಟ್ಟಿ ನೋಡಬೇಕು. ಕೊನೆಗೆ, "ನಮ್ಮ ಅಂಗಳದಿಂದ ಇಳಿಯಿರಿ!" ಎನ್ನಬೇಕು. ಅದಕ್ಕೆಂದು ಬೆಂಗಳೂರಿನಿಂದ ಒಬ್ಬ ನಟಿಯನ್ನು ತಂದಿದ್ದರು. ಪಾಪ, ದೂರದಿಂದ ಬಂದ ಹೆಣ್ಣು ಎಂದು ನಾನು ಶುಕ್ರವಾರ ಬಂಗುಡೆ ಸಾರು ಮಾಡಿ ಒತ್ತಾಯ ಮಾಡಿ ಬಡಿಸಿದೆ. ಶನಿವಾರ ಆಕೆ ಏಳಲೇ ಇಲ್ಲ. ನಮ್ಮ ಖಾರ ಆಕೆಗೆ ಹಿಡಿಸಿರಲಿಲ್ಲ.

ನಿರ್ದೇಶಕರು ನನ್ನ ಕಡೆ ತಿರುಗಿದರು. "ನೀವೇ ಕೂತ್ಕೊಳ್ಳಿ ಅಮ್ಮಾ."

ನಾನು ಕಂಬದ ಹಿಂದೆ ಅಡಗಿದೆ. ನಿಮ್ಮ ಅಜ್ಜ ಬಿಡಬೇಕಲ್ಲ! "ಕೂತ್ಕೊ ಮಾರಾಯ್ತಿ, ಜಗಲಿಯಲ್ಲಿ ಕೂರಲಿಕ್ಕೆ ಎಂತ ಕಲೀಲಿಕ್ಕುಂಟು?"

ಕುಳಿತೆ. ನಾಚಿಕೆಯಿಂದ ಕ್ಯಾಮರಾ ಎಲ್ಲಿದೆ ಎಂದೂ ತಲೆಯೆತ್ತಿ ನೋಡಲಿಲ್ಲ. "ಆಕ್ಷನ್!" ಎಂದರು. ಧಣಿಯ ಪಾತ್ರದವರು ಉರಿಬಿಸಿಲಿನಲ್ಲಿ ಬೆವರು ಸುರಿಸುತ್ತಾ ಅಂಗಳಕ್ಕೆ ಬಂದರು. ನಾನು ತಟ್ಟನೆ ಎದ್ದು ಒಳಗೆ ಹೋಗಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದುಕೊಟ್ಟೆ.

"ಕಟ್! ಏನಮ್ಮಾ ಇದು? ಆತ ನಿಮ್ಮ ಭೂಮಿ ಕಿತ್ಕೊಳ್ಳೋಕೆ ಬಂದಿರೋದು!"

"ಬಂದದ್ದು ಬಿಸಿಲಿಗಲ್ವಾ?" ಎಂದೆ.

ನಮ್ಮ ಕಡೆ ಮೆಟ್ಟಿಲ ಬಳಿ ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಮಾತು. ನನ್ನ ಕಾಲುಗಳಿಗೆ ಅದು ಗೊತ್ತು, ಸಿನಿಮಾ ಗೊತ್ತಿಲ್ಲ. ಮತ್ತೆ "ಆಕ್ಷನ್", ಮತ್ತೆ ನಾನು ಎದ್ದೆ. ಇನ್ನೊಮ್ಮೆಯೂ ಎದ್ದೆ! ಧಣಿಯ ಪಾತ್ರದವರಿಗೆ ಅಭ್ಯಾಸವಾಗಿಹೋಗಿ, "ಬೆಲ್ಲದ ತುಂಡು ಸ್ವಲ್ಪ ದೊಡ್ಡದೇ ಇರಲಿ ಅಮ್ಮಾ," ಎಂದು ಮೆಲ್ಲಗೆ ಹೇಳಿದರು.

ಆಗ ನಿರ್ದೇಶಕರು ಎಲ್ಲರ ಎದುರಿಗೆ, ನನ್ನ ಮಗಳ ಎದುರಿಗೆ, ಕೂಗಿದರು: "ಇವರಿಗೆ ಹೇಳಿಕೊಡೋ ಬದಲು ಒಂದು ಎಮ್ಮೆಗೆ ಹೇಳಿದ್ದರೆ ಕಲಿತಿರೋದು!"

ಎಮ್ಮೆ! ನನ್ನ ಮನೆಯ ಅಂಗಳದಲ್ಲಿ, ನನ್ನ ಅನ್ನ ಉಂಡು, ನನಗೆ ಎಮ್ಮೆ! ಮೈಯೆಲ್ಲ ಉರಿಯಿತು. ಇನ್ನು ಆಕಾಶ ಕೆಳಗೆ ಬಿದ್ದರೂ ಏಳುವುದಿಲ್ಲ ಎಂದು ಹಲ್ಲು ಕಚ್ಚಿ ಕುಳಿತೆ.

"ಆಕ್ಷನ್!"

ಆಕಾಶ ಬೀಳಲಿಲ್ಲ. ರುಕ್ಮಿಣಿಯಕ್ಕ ಬಂದರು.

ಮಣಿಪಾಲದ ಆಸ್ಪತ್ರೆಗೆ ಯಾರನ್ನೋ ನೋಡಲು ಬಂದವರು, ನಾಳೆ ಮತ್ತೆ ಹೊರಡುವುದೇಕೆ ಎಂದು ಒಂದು ದಿನ ಮೊದಲೇ ಬಂದುಬಿಟ್ಟಿದ್ದರು. ಪಟ್ಟೆ ಸೀರೆ ಉಟ್ಟ ಹೆಂಗಸು, ಜೊತೆಗೆ ಕೊಡೆ ಹಿಡಿದ ಅಣ್ಣ. ನಿರ್ದೇಶಕರು ಈ ಸಲ ಧಣಿಯ ಕಡೆಯವರಾಗಿ ಹೆಂಗಸರನ್ನೂ ಕಳುಹಿಸಿದ್ದಾರೆ ಎಂದುಕೊಂಡೆ. ಎಮ್ಮೆಯ ಸಿಟ್ಟನ್ನೆಲ್ಲ ಕಣ್ಣಿಗೆ ತಂದು ದುರುಗುಟ್ಟಿದೆ.

ಅವರು ನಗುತ್ತಾ, "ಕಾರ್ಕಳದಿಂದ ಬಂದದ್ದು. ನಿಮ್ಮ ಹುಡುಗಿಯನ್ನು ನೋಡಿ ಹೋಗುವ ಅಂತ," ಎಂದರು.

ಮಾತನ್ನೂ ಹೊಸದಾಗಿ ಸೇರಿಸಿದ್ದಾರೆ! ಕಥೆಯ ಧಣಿಗಳು ಅಂಥವರೇ ಅಲ್ಲವೇ, ಮೊದಲು ಭೂಮಿ, ಆಮೇಲೆ ಹುಡುಗಿ. ನನಗೆ ನಿಜವಾಗಿಯೂ ರೋಷ ಉಕ್ಕಿತು. "ನಮ್ಮ ಅಂಗಳದಿಂದ ಇಳಿಯಿರಿ!" ಎಂದು ತೆಂಗಿನ ಮರದ ಕಾಗೆಗಳು ಹಾರುವಂತೆ ಕಿರುಚಿದೆ.

ನಿಮ್ಮ ಅಜ್ಜ ಬೆಳಕಿಗೆ ಹಿಡಿದಿದ್ದ ಬೆಳ್ಳಿ ಕಾಗದದ ಹಲಗೆಯನ್ನು ಬಿಸಾಡಿ ಓಡಿಬಂದರು. "ಅಯ್ಯೋ ರುಕ್ಮಿಣಿಯಕ್ಕಾ!"

"ಕಟ್! ಅದ್ಭುತ!" ಎಂದರು ನಿರ್ದೇಶಕರು.

ನಾನು ಒಳಗೆ ಓಡಿದೆ. ಬೆಲ್ಲದ ಡಬ್ಬಿ ಖಾಲಿ! ಧಣಿಯವರು ತಿಂದು ಮುಗಿಸಿದ್ದರು. ಬರಿಯ ನೀರು ಹಿಡಿದುಕೊಂಡು ಬಂದಾಗ ರುಕ್ಮಿಣಿಯಕ್ಕ ಮಸಿಯ ಗೋಡೆಯನ್ನು ನೋಡುತ್ತಿದ್ದರು.

"ಬಡತನ ಇರಲಿ, ಅದು ತಪ್ಪಲ್ಲ," ಎಂದರು. "ಬಂದವರಿಗೆ ಒಂದು ತುಂಡು ಬೆಲ್ಲವೂ ಇಲ್ಲದ ಮನೆಯಾ? ಹೋಗುವ ಅಣ್ಣಾ."

ಸಿನಿಮಾ ಎಂದು ನಿಮ್ಮ ಅಜ್ಜ ಗೇಟಿನವರೆಗೂ ಹೇಳುತ್ತಾ ಹೋದರು. "ಕಣ್ಣಿನಲ್ಲಿ ಇದ್ದದ್ದು ಸಿನಿಮಾ ಅಲ್ಲ ಮಾರಾಯ್ರೆ," ಎಂದು ಆ ಅಣ್ಣ ಕೊಡೆ ಬಿಡಿಸಿದರು. ಸುಮತಿ ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡಳು.

ನಿರ್ದೇಶಕರು ಗಡ್ಡ ನೀವುತ್ತಾ, "ಬೇಜಾರು ಮಾಡ್ಕೋಬೇಡಿ. ಕಲೆಗೆ ಏನಾದ್ರೂ ಕಳೆದುಕೊಳ್ಳಬೇಕಾಗುತ್ತೆ," ಎಂದರು. ಕಳೆದುಕೊಂಡದ್ದು ಯಾರು? ಅವರ ಗಡ್ಡದ ಒಂದು ಕೂದಲಾದರೂ ಹೋಯಿತೇ? ನನಗೆ ಗೊತ್ತಿದ್ದ ಬೈಗುಳಗಳೆಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಬಾಯಿ ತೆರೆದೆ.

"ಊಟ ಮಾಡಿ ಹೋಗಿ," ಎಂದೆ.

ಆ ಸಿನಿಮಾಕ್ಕೆ ಡೆಲ್ಲಿಯಲ್ಲಿ ಬಹುಮಾನ ಬಂತು. ಉಡುಪಿಯ ಟಾಕೀಸಿಗೆ ಬಂದಾಗ ನಿಮ್ಮ ಅಜ್ಜ ಕಾರ್ಕಳಕ್ಕೆ ಹೋಗಿ ರುಕ್ಮಿಣಿಯಕ್ಕನಿಗೆ ಕೈಮುಗಿದರು. "ಒಮ್ಮೆ ಬಂದು ನೋಡಿ. ಅವಳ ಮುಖ ಪರದೆಯಲ್ಲಿ ಕಂಡರೆ ಅದು ನಟನೆ ಎಂದು ನಿಮಗೇ ಗೊತ್ತಾಗ್ತದೆ." ಅಂತೂ ಅವರು ಬಂದರು. ಟಾಕೀಸಿನಲ್ಲಿ ನಮ್ಮನ್ನು ಬಿಟ್ಟರೆ ಮಣಿಪಾಲದ ಕೆಲವು ಕಾಲೇಜು ಹುಡುಗರು ಇದ್ದರು. ಹಾಡಿಲ್ಲ, ಹೊಡೆದಾಟವಿಲ್ಲ. ಒಬ್ಬ ಮುದುಕ ಬಾವಿಯಿಂದ ನೀರು ಸೇದಿದ. ಕೊಡ ಮೇಲೆ ಬರುವಷ್ಟರಲ್ಲಿ ನಿಮ್ಮ ಅಜ್ಜ ಒಂದು ನಿದ್ರೆ ಮುಗಿಸಿದರು.

ಆಮೇಲೆ ನಮ್ಮ ಅಂಗಳ ಬಂತು. ಸುಮತಿ ನನ್ನ ಕೈ ಬಿಗಿಯಾಗಿ ಹಿಡಿದಳು.

ಪರದೆಯ ತುಂಬ ರುಕ್ಮಿಣಿಯಕ್ಕ! ಮೂಗುತಿ, ಬೆವರು, ನಗು ನಿಧಾನವಾಗಿ ಆರಿಹೋಗಿ ಅವಮಾನದಿಂದ ನಡುಗುವ ತುಟಿ. ಹುಡುಗರು ಚಪ್ಪಾಳೆ ಹೊಡೆದರು. ಕ್ಯಾಮರಾ ಇದ್ದದ್ದು ನನ್ನ ಬೆನ್ನ ಹಿಂದೆ! ಪರದೆಯ ಮೂಲೆಯಲ್ಲಿ ನನ್ನ ಒಂದು ಮೊಣಕೈ ಕಾಣುತ್ತಿತ್ತು, ಅದೂ ಮಸುಕು ಮಸುಕಾಗಿ.

"ಅಣ್ಣಾ, ನಾನು!" ಎಂದು ರುಕ್ಮಿಣಿಯಕ್ಕ ಎದ್ದು ನಿಂತರು. ನಟನೆ ಎಂಬುದಕ್ಕೆ ಸಾಕ್ಷಿ ತೋರಿಸಲು ಹೋಗಿದ್ದ ನನಗೆ ಸಾಕ್ಷಿ ಇರಲಿಲ್ಲ, ಬೇಕಾಗಲೂ ಇಲ್ಲ. ಇಂಟರ್‌ವಲ್‌ನಲ್ಲಿ ಅವರೇ ನನ್ನ ಕೈ ಹಿಡಿದು, "ನಿಮ್ಮ ಮನೆಗೆ ಬಂದದ್ದು ಒಳ್ಳೆಯದೇ ಆಯಿತು. ಹುಡುಗಿ ನಮಗೆ ಒಪ್ಪಿಗೆ," ಎಂದರು. ಸುಮತಿ ತಲೆ ತಗ್ಗಿಸಿ ನಕ್ಕಳು.

ಹೌದು, ಅವರೇ ನಿಮ್ಮ ಕಾರ್ಕಳದ ಅಜ್ಜಿ. ಮದುವೆಯ ಚಪ್ಪರದಿಂದ ಇವತ್ತಿನವರೆಗೂ, "ನಾನು ಪ್ರಶಸ್ತಿ ಸಿನಿಮಾದಲ್ಲಿ ಮಾಡಿದವಳು," ಎಂದು ಹೇಳಿಕೊಂಡು ತಿರುಗುತ್ತಾರೆ. "ನೀವೂ ಇದ್ದಿರಲ್ವಾ?" ಎಂದು ನನ್ನನ್ನು ಯಾರಾದರೂ ಕೇಳಿದರೆ, ನಾನು ಸೆರಗಿನಿಂದ ಮೊಣಕೈ ಮುಚ್ಚಿಕೊಳ್ಳುತ್ತೇನೆ.

ಆ ಸಿನಿಮಾದ ರೀಲು ಈಗ ಎಲ್ಲಿಯೂ ಸಿಗುವುದಿಲ್ಲವಂತೆ. ಹಾಗಾಗಿ ಮಕ್ಕಳೇ, ಈ ಹಾಳೆಗಳನ್ನು ಗೆದ್ದಲು ಹಿಡಿಯದ ಕಡೆ ಜೋಪಾನವಾಗಿ ಇಡಿ. ಜಗತ್ತಿನಲ್ಲಿ ನನ್ನ ನಟನೆಗೆ ಉಳಿದಿರುವ ಸಾಕ್ಷಿ ಇದೊಂದೇ, ಇದರಲ್ಲೂ ನನ್ನ ಮುಖ ಕಾಣುವುದಿಲ್ಲ.