ಹಾರುವ ಹುಡುಗನ ಊಟ ಆಯ್ತಾ?

ನಮ್ಮಮ್ಮನಿಗೊಂದು ಅಭ್ಯಾಸ. ಟಿವಿಯಲ್ಲಿ ಯಾರೇ ಬರಲಿ, ಕಳ್ಳನೋ ಪೊಲೀಸೋ ರಾಜಕುಮಾರಿಯೋ, ಅವರ ಊಟ ಆಗಿದೆಯಾ ಎಂದು ಮೊದಲು ನೋಡುತ್ತಾಳೆ. ಆಗಿಲ್ಲ ಅಂದರೆ ಮುಂದಿನ ಕಥೆಯ ಮೇಲೆ ಅವಳ ಮನಸ್ಸೇ ನಿಲ್ಲುವುದಿಲ್ಲ. ಇಂಥ ಮನೆಯಿಂದ ಬಂದು ಸಿನಿಮಾದ ಬಗ್ಗೆ ಗಂಭೀರವಾಗಿ ಮಾತಾಡಲು ಹೊರಟರೆ ಏನೇನಾಗಬೇಕೋ ಅದೆಲ್ಲ ನನಗೆ ಆಗುತ್ತಲೇ ಇರುತ್ತದೆ.

ನಾನು ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ಇಂಗ್ಲಿಷ್ ಮಿಸ್. ನನ್ನ ತಂಗಿ ಅಲ್ಲೇ ಒಂಬತ್ತನೇ ಕ್ಲಾಸು. ಶನಿವಾರದ ಕೊನೇ ಪೀರಿಯಡ್‌ನಲ್ಲಿ ಆ ಕ್ಲಾಸಿಗೆ ಸಿನಿಮಾ ತೋರಿಸುತ್ತೇನೆ. ಈ ಸಲದ್ದು ಅನಿಮೇಷನ್ ಚಿತ್ರ. ಹದಿನಾಲ್ಕರ ಹುಡುಗನೊಬ್ಬನಿಗೆ ಹಾರುವ ಶಕ್ತಿ ಬರುತ್ತದೆ. ಊರು ಉಳಿಸುವುದು ಸಲೀಸು, ದೊಡ್ಡವನಾಗುವುದೇ ಕಷ್ಟ. ಯಾರೋ ಪೋಷಕರು "ಕಾರ್ಟೂನ್ ನೋಡೋಕೆ ಸ್ಕೂಲಿಗೆ ಕಳಿಸ್ಬೇಕಾ?" ಎಂದರಂತೆ. ಪ್ರಿನ್ಸಿಪಾಲ್ ಮೇಡಂ ಕರೆದು ಹೇಳಿದರು: "ಈ ಸಿನಿಮಾದಲ್ಲಿ ಅಂಥ ವಿಶೇಷ ಏನಿದೆ ಅಂತ ಪೇರೆಂಟ್ಸ್ ಮೀಟಿಂಗಲ್ಲಿ ನೀವೇ ಹೇಳಿ. ಕನ್ನಡದಲ್ಲಿ. ಅವರು ಒಪ್ಪಲಿಲ್ಲ ಅಂದ್ರೆ ಪೀರಿಯಡ್ ಮ್ಯಾಥ್ಸ್ ಸರ್‌ಗೆ."

ಸ್ಟಾಫ್ ರೂಮಿನಲ್ಲಿ ಇನ್ನೊಂದು ಲೋಟ ಕಾಫಿ ಬೇಕಿದ್ದರೂ ಪಕ್ಕದವರು ಕೇಳಲಿ ಎಂದು ಕಾಯುವವಳು ನಾನು. ಆ ವಾರವೆಲ್ಲ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಎರಡು ತುತ್ತು

ಮೊದಲು ಮನೆಯವರಿಗೇ ತೋರಿಸಿ ನೋಡೋಣ ಎಂದು ಲ್ಯಾಪ್‌ಟಾಪ್ ಇಟ್ಟೆ. ಹುಡುಗ ಊಟಕ್ಕೆ ಕೂತಿದ್ದಾನೆ. ದೂರದಲ್ಲಿ ಸೈರನ್. ತಟ್ಟೆ ಬಿಟ್ಟು ಕಿಟಕಿಯಿಂದ ಹಾರಿದ. ಅವನ ಅಮ್ಮ ಬಂದು ಖಾಲಿ ಕುರ್ಚಿ ನೋಡಿ, ತಟ್ಟೆಗೆ ಮುಚ್ಚಳ ಹಾಕಿದಳು.

"ಅಯ್ಯೋ, ಉಣ್ಣದೇ ಹೋದ್ನಲ್ಲೇ!" ಅಮ್ಮ ಎದ್ದೇ ನಿಂತಳು.

"ಅಮ್ಮ, ಅಲ್ಲಿ ಬಿಲ್ಡಿಂಗ್ ಬೀಳ್ತಿದೆ ಕಣಮ್ಮ," ಎಂದಳು ತಂಗಿ.

"ಬೀಳ್ಲಿ ಬಿಡೇ. ಅಷ್ಟೆತ್ತರದ್ದು, ಎರಡು ತುತ್ತು ತಿಂದು ಹೋಗಿದ್ರೂ ಅದು ನೆಲ ಮುಟ್ಟೋದ್ರೊಳಗೆ ಸೇರ್ಕೊಳ್ತಿದ್ದ."

ಸದರಿ ಬಾಲಕ

ನಾನು ಭಾಷಣ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳಹೊರಟರೆ ಎರಡನೇ ವಾಕ್ಯಕ್ಕೇ ಇಂಗ್ಲಿಷ್ ನುಗ್ಗುತ್ತಿತ್ತು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಕನ್ನಡ ಅವರ ಬೆರಳ ತುದಿಯಲ್ಲಿದೆ. "ಕೊಡಮ್ಮ, ನಾನು ಸರಿ ಮಾಡ್ಕೊಡ್ತೀನಿ" ಎಂದು ಒಯ್ದವರು ಬೆಳಿಗ್ಗೆ ಅಚ್ಚುಕಟ್ಟಾಗಿ ಬರೆದು ತಂದರು.

"ಸದರಿ ಬಾಲಕನು ಮೇಲ್ಕಂಡ ಕಟ್ಟಡದಿಂದ ಹಾರಿರುವುದು ಕಂಡುಬಂದಿರುತ್ತದೆ. ಹಾರುವ ಪೂರ್ವದಲ್ಲಿ ಪೋಷಕರ ಅನುಮತಿ ಪಡೆದಿರುವುದಿಲ್ಲ."

"ಅಪ್ಪಾ, ಇದು ಅವನ ಮೇಲೆ ಕಂಪ್ಲೇಂಟ್ ಇದ್ದ ಹಾಗಿದೆ."

"ಇರೋದನ್ನೇ ತಾನೇ ಬರ್ದಿರೋದು?" ಎಂದರು. ಕೆಳಗೆ ಸಹಿಗೆ, ಮೊಹರಿಗೆ ಜಾಗವನ್ನೂ ಬಿಟ್ಟಿದ್ದರು.

ತೂತಾದ ಗೂಡು

ಮೇಲೂರಿನಲ್ಲಿ ಅಮ್ಮನ ಗೆಳತಿ ಒಬ್ಬರಿದ್ದಾರೆ, ರೇಷ್ಮೆ ಹುಳು ಸಾಕುತ್ತಾರೆ. ನಾವು ದೊಡ್ಡಮ್ಮ ಎನ್ನುತ್ತೇವೆ. ಭಾನುವಾರ ಅವರ ಮನೆಗೆ ಹೋದಾಗಲೂ ನನ್ನ ಕೈಯಲ್ಲಿ ಲ್ಯಾಪ್‌ಟಾಪು. ಸಿನಿಮಾದಲ್ಲಿ ಒಂದು ಅದ್ಭುತ ದೃಶ್ಯವಿದೆ. ಸೋತ ಹುಡುಗ ತನ್ನ ಮೇಲಂಗಿಯನ್ನೇ ಸುತ್ತಿಕೊಂಡು ಗೂಡಿನ ಹಾಗೆ ಆಗುತ್ತಾನೆ, ಸಂಗೀತ ಏರುತ್ತದೆ, ಗೂಡು ಸೀಳಿಕೊಂಡು ಬೆಳಕಿನೊಳಗೆ ಏಳುತ್ತಾನೆ. ಎಲ್ಲರೂ ಚಪ್ಪಾಳೆ ಹೊಡೆಯುವ ಜಾಗ.

ದೊಡ್ಡಮ್ಮ ಎದೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯಯ್ಯೋ, ತೂತಾಗೋಯ್ತಲ್ಲಮ್ಮ! ಇನ್ ಆ ಗೂಡ್ನ ಮಾರ್ಕೆಟ್ಟಲ್ಲಿ ಯಾರ್ ಮುಟ್ತಾರೆ?"

ಚಿಟ್ಟೆ ಹೊರಬಂದರೆ ನೂಲು ಹೋದ ಹಾಗೆ; ನಮ್ಮ ಕಡೆ ಅದು ನಷ್ಟದ ದೃಶ್ಯ. ನಾನು ಪೆಚ್ಚಾದದ್ದು ನೋಡಿ ಅವರೇ ಸಮಾಧಾನ ಹೇಳಿದರು: "ಹುಡ್ಗ ಒಳ್ಳೇವ್ನೇ ಬಿಡು. ನಾಲ್ಕ್ನೇ ಜ್ವರಕ್ಕೆ ಕುಂತಿದ್ದ, ಅಷ್ಟೇ."

ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ; ನಾಲ್ಕನೆಯದೇ ಕೊನೆಯದು. ಆಗ ಅದು ಉಣ್ಣುವುದಿಲ್ಲ, ಅಲ್ಲಾಡುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಕೂತಿರುತ್ತದೆ. ಮುಟ್ಟಬಾರದು. ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ನನ್ನ ತಂಗಿ ಒಂದು ಮೂಲೆಯಲ್ಲಿ ಮೊಬೈಲು ಹಿಡಿದು ಹಾಗೇ ಕೂತಿದ್ದಳು. ದೊಡ್ಡಮ್ಮ ಅವಳ ಕಡೆ ನೋಡಿ, "ಇದೂ ಕುಂತೈತೆ" ಎಂದರು.

ಸದ್ದಿಲ್ಲದ ಕ್ಲಾಸು

ಶುಕ್ರವಾರ ನನ್ನ ಇಂಗ್ಲಿಷ್ ಪೀರಿಯಡ್‌ನಲ್ಲೇ ಒಂದು ತುಣುಕನ್ನು ಕ್ಲಾಸಿಗೆ ಹಾಕಿದೆ. ಹುಡುಗ ಮೊದಲ ಸಲ ಮಹಡಿಯ ಅಂಚಿನಲ್ಲಿ ನಿಂತಿದ್ದಾನೆ. ಮಾತಿಲ್ಲ, ಸಂಗೀತವಿಲ್ಲ. ಗಾಳಿಗೆ ಅವನ ಶೂ ಲೇಸು ಅಲ್ಲಾಡುತ್ತದೆ, ಅಷ್ಟೇ. ಇಡೀ ಒಂಬತ್ತನೇ ಕ್ಲಾಸು ಉಸಿರು ಬಿಗಿಹಿಡಿದಿತ್ತು.

ಬಾಗಿಲು ದಢಾರ್ ಎಂದು ತೆರೆಯಿತು. ಮ್ಯಾಥ್ಸ್ ಸರ್ ಓಡಿ ಬಂದಿದ್ದರು. "ಏನಾಯ್ತು ಮಿಸ್? ಯಾರಿಗಾದ್ರೂ ಏಟಾಯ್ತಾ? ಇಷ್ಟು ಸೈಲೆಂಟು ಈ ಕ್ಲಾಸು!"

"ಉಂಡಂಡಿ ಸಾರ್!" ಹಿಂದಿನ ಬೆಂಚಿನಿಂದ ಚಿಂತಾಮಣಿ ಕಡೆಯ ಹುಡುಗಿಯೊಬ್ಬಳು ತೆಲುಗಿನಲ್ಲೇ, ಸ್ವಲ್ಪ ಇರಿ ಎಂದು ಗದರಿದಳು. ಸರ್ ನಿಂತರು. ನಿಂತೇ ನೋಡಿದರು. ಕೊನೆಗೆ ನನ್ನ ಕಡೆ ಬಗ್ಗಿ, "ಹಾರ್ತಾನಾ ಇಲ್ವಾ, ಬೇಗ ಹೇಳ್ಬಿಡಿ ಮಿಸ್. ಟೆಂತ್‌ನವರಿಗೆ ತ್ರಿಕೋನ ಅರ್ಧಕ್ಕೆ ಬಿಟ್ಟು ಬಂದಿದೀನಿ" ಎಂದರು. ಅಷ್ಟರಲ್ಲಿ ಬೆಲ್ ಹೊಡೆಯಿತು.

ಮೀಟಿಂಗು

ಮಾರನೇ ದಿನ ಹಾಲ್ ತುಂಬಿತ್ತು. ತಂಗಿಯ ಪೋಷಕಿಯಾಗಿ ಅಮ್ಮ ಮೂರನೇ ಸಾಲಿನಲ್ಲಿ. ಬಾಗಿಲಲ್ಲಿ ಮ್ಯಾಥ್ಸ್ ಸರ್. ಗೋಡೆಯ ಮೇಲೆ ಸಿನಿಮಾದ ಕೊನೇ ತುಣುಕು ತೋರಿಸಿ, ರಿಮೋಟಿನಲ್ಲಿ ನಿಲ್ಲಿಸಿ, ಮೈಕ್ ಹಿಡಿದೆ. ಇಂಗ್ಲಿಷೂ ಬರಲಿಲ್ಲ, ಅಪ್ಪನ ಸದರಿಯೂ ಬರಲಿಲ್ಲ. ಬಾಯಿಗೆ ಬಂದದ್ದು ಒಂದೇ.

"ಈ ಹುಡುಗ... ನಾಲ್ಕನೇ ಜ್ವರಕ್ಕೆ ಕೂತಿದ್ದಾನೆ."

ಹುಳು ಸಾಕುವವರೇ ಹೆಚ್ಚಿದ್ದ ಹಾಲ್ ನೆಟ್ಟಗಾಯಿತು. ನನಗೇ ಗೊತ್ತಿಲ್ಲದೆ ಮಾತು ಮುಂದುವರಿಯಿತು. ಬೇರೆ ಸಿನಿಮಾಗಳು ಎದ್ದ ಮೇಲಿನದ್ದನ್ನೇ ತೋರಿಸುತ್ತವೆ, ಹಾರಾಟ, ಹೊಡೆದಾಟ. ಇದು ಕೂತಿರುವುದನ್ನು ತೋರಿಸುತ್ತದೆ. ಅದಕ್ಕೇ ಮೊದಲರ್ಧದಲ್ಲಿ ಅವನ ಗೆರೆಗಳು ಪೆನ್ಸಿಲ್ಲಿನಲ್ಲಿ ಬರೆದು ಮುಗಿಸದ ಹಾಗೆ ನಡುಗುತ್ತವೆ. ಕೊನೆಗೆ ಅವನು ಮನೆಗೆ ಬಂದು ಅಮ್ಮನ ಎದುರಿಗೇ ಮುಖವಾಡ ತೆಗೆಯುತ್ತಾನೆ. ಯಾಕೆಂದರೆ ಅದನ್ನು ಹಾಕಿಕೊಂಡು ಉಣ್ಣಲು ಆಗುವುದಿಲ್ಲ.

ಒಬ್ಬ ತಂದೆ ಎದ್ದರು. "ಹಂಗಾದ್ರೆ ನನ್ ಮಗ ಏಳ್ನೇ ಕ್ಲಾಸಿಂದ ಜ್ವರಕ್ಕೆ ಕೂತವ್ನೆ ಮಿಸ್. ಏಳೋದ್ಯಾವಾಗ?"

"ಎದ್ರೆ ಸೊಪ್ಪು ಹಾಕಿ ಪೂರೈಸಕ್ಕಾಗಲ್ಲ, ಕೂತಿರ್ಲಿ ಬಿಡ್ರೀ!" ಎಂದರು ಅವರ ಹೆಂಡತಿ.

ನಗು ನಿಲ್ಲುವ ಹೊತ್ತಿಗೆ ಪ್ರಿನ್ಸಿಪಾಲ್ ಮೇಡಂ, "ಶನಿವಾರ ನಿಮಗೇ ಇರ್ಲಿ" ಎಂದರು. ಬಾಗಿಲಿನಿಂದ ಮ್ಯಾಥ್ಸ್ ಸರ್, "ಅಂದ್ರೆ ನಿನ್ನೆ ಹಾರಿದ್ನಾ?" ಎಂದರು.

ಆಗ ಅಮ್ಮ ಕೈ ಎತ್ತಿದಳು. ಹುಟ್ಟಿದಾಗಿನಿಂದ ನನ್ನನ್ನು ಪುಟ್ಟಿ ಎಂದವಳು ಸೆರಗು ಸರಿಮಾಡಿಕೊಂಡು, "ಮಿಸ್, ಒಂದ್ ವಿಷ್ಯ" ಎಂದಳು. "ಹುಡುಗ ಉಂಡ, ಸಂತೋಷ. ಅವರಮ್ಮ? ಶುರುವಿಂದ ಬಡಿಸ್ತಾನೇ ಇದಾಳೆ, ಮುಚ್ಚಿಡ್ತಾನೇ ಇದಾಳೆ. ಅವಳು ಎಲ್ಲಾದ್ರೂ ಒಂದ್ ತುತ್ತು ಉಂಡಿದ್ರೆ, ಹಿಂದಕ್ಕೆ ಓಡಿಸಿ, ಅದನ್ನೊಂದ್ ಸಲ ತೋರ್ಸಿ ಮಿಸ್."

ಹಾಲ್ ಮತ್ತೆ ಗೊಳ್ಳೆಂದಿತು. ಗೋಡೆಯ ಮೇಲೆ ನಿಂತ ಚಿತ್ರದಲ್ಲಿ ಹುಡುಗ ಉಣ್ಣುತ್ತಲೇ ಇದ್ದ, ಪಕ್ಕದಲ್ಲಿ ಅವನ ಅಮ್ಮ ಸೌಟು ಹಿಡಿದು ನಿಂತಿದ್ದಳು. ರಿಮೋಟು ನನ್ನ ಕೈಯಲ್ಲಿತ್ತು; ಎಷ್ಟು ಹಿಂದಕ್ಕೆ ಓಡಿಸಿದರೂ ಆ ತುತ್ತು ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು.